ಕೊಳತ್ತೂರು: ಬಣ್ಣದ ಮೀನುಗಳ ತವರು

ಚೆನ್ನೈಗೆ ಹೋದವರು ಮರೀನಾ ಕಡಲತೀರ ನೋಡುತ್ತಾರೆ, ಮೈಲಾಪುರದ ಕಪಾಲೀಶ್ವರನಿಗೆ ಕೈಮುಗಿಯುತ್ತಾರೆ, ತ್ಯಾಗರಾಯನಗರದಲ್ಲಿ ಸೀರೆ ಕೊಳ್ಳುತ್ತಾರೆ. ನಗರದ ವಾಯವ್ಯ ಮೂಲೆಯಲ್ಲಿರುವ ಕೊಳತ್ತೂರಿಗೆ ಹೋಗುವವರು ಕಡಿಮೆ. ಅಲ್ಲಿ ನೋಡತಕ್ಕ ಕೋಟೆಯಿಲ್ಲ, ಕಡಲಿಲ್ಲ, ಹೆಸರಾಂತ ಗೋಪುರವಿಲ್ಲ. ಆದರೆ ನಿಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಗಪ್ಪಿಯೋ ಮೋಲಿಯೋ ಏಂಜೆಲ್ ಮೀನೋ ಓಡಾಡುತ್ತಿದ್ದರೆ, ಅದರ ಹುಟ್ಟೂರು ಕೊಳತ್ತೂರೋ ಅದರ ಆಸುಪಾಸಿನ ಹಳ್ಳಿಯೋ ಆಗಿರುವ ಸಂಭವ ಬಹಳ. ಬೆಂಗಳೂರಿನ ಅಂಗಡಿಗಳಿಗೂ ಅಲ್ಲಿಂದ ನಮ್ಮ ಜಿಲ್ಲಾ ಕೇಂದ್ರಗಳಿಗೂ ಬರುವ ಬಣ್ಣದ ಮೀನುಗಳಲ್ಲಿ ಬಹಳಷ್ಟು ಈ ಸೀಮೆಯವೇ.

ಊರಿನ ಹೆಸರು ಕನ್ನಡದ ಕಿವಿಗೆ ‘ಕೊಳದ ಊರು’ ಎಂದೇ ಕೇಳಿಸುತ್ತದೆ. ಹೆಸರಿಗೆ ತಕ್ಕಂತೆ ಸುತ್ತ ನೀರೂ ಇದೆ. ಪಕ್ಕದಲ್ಲೇ ರೆಟ್ಟೇರಿ. ‘ಇರಟ್ಟೈ ಏರಿ’ ಎಂಬುದು ಜನರ ಬಾಯಲ್ಲಿ ಸವೆದು ರೆಟ್ಟೇರಿಯಾಗಿದೆ. ಜೋಡಿ ಕೆರೆ ಎಂದರ್ಥ. ನಮ್ಮಲ್ಲಿ ಏರಿ ಎಂದರೆ ಕೆರೆಯ ಕಟ್ಟೆ, ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಒಂದೇ ಮಾತು ಗಡಿ ದಾಟುವಾಗ ಕಟ್ಟೆಯಿಂದ ಇಳಿದು ನೀರಿಗೆ ಬಿದ್ದಿದೆ! ಇನ್ನಷ್ಟು ಮುಂದೆ ಹೋದರೆ ಚೆನ್ನೈಗೆ ಕುಡಿಯುವ ನೀರು ಕೊಡುವ ಪುಳಲ್ ಜಲಾಶಯ ಸಿಗುತ್ತದೆ.

ಮೀನಿನ ಬೀದಿ

ಕಳೆದ ದಸರಾ ರಜೆಯಲ್ಲಿ ನೆಂಟರ ಮನೆಗೆಂದು ಚೆನ್ನೈಗೆ ಹೋಗಿದ್ದಾಗ ಒಂದು ಭಾನುವಾರ ಪೂರ್ತಿ ಈ ಊರಿನಲ್ಲಿ ಕಳೆದೆ. ಭಾನುವಾರ ಇಲ್ಲಿ ಜನ ಹೆಚ್ಚು. ಅಂಗಡಿಯ ಮೇಲೆ ಅಂಗಡಿ. ನಮ್ಮ ಸಂತೆಯಲ್ಲಿ ಬಳೆಯ ಸರಗಳನ್ನು ನೇತುಹಾಕುವಂತೆ ಇಲ್ಲಿ ನೀರು ತುಂಬಿದ ಪಾಲಿಥೀನ್ ಚೀಲಗಳನ್ನು ಸಾಲಾಗಿ ನೇತುಹಾಕಿರುತ್ತಾರೆ. ಒಂದರಲ್ಲಿ ಕೆಂಪು ಫೈಟರ್, ಇನ್ನೊಂದರಲ್ಲಿ ಜೋಡಿ ಗೌರಾಮಿ, ಮತ್ತೊಂದರಲ್ಲಿ ಹೊಟ್ಟೆ ಡೊಳ್ಳಾದ ಗೋಲ್ಡ್ ಫಿಶ್. ಅಪ್ಪಂದಿರ ಕೈಹಿಡಿದ ಮಕ್ಕಳು ‘ಅದು ಬೇಕು, ಇದು ಬೇಕು’ ಎಂದು ಎಳೆಯುತ್ತಿರುತ್ತಾರೆ. ಗಾಜಿನ ತೊಟ್ಟಿ, ಗಾಳಿ ಊದುವ ಪಂಪು, ಬಣ್ಣದ ಕಲ್ಲು, ಕಾಳಿನಂಥ ಒಣ ಆಹಾರ ಎಲ್ಲವೂ ಅಲ್ಲೇ ಸಿಗುತ್ತವೆ.

ಅಂಗಡಿಯವರು ಮೀನು ಕಟ್ಟಿಕೊಡುವುದನ್ನು ವಿಜ್ಞಾನದ ವಿದ್ಯಾರ್ಥಿಗಳು ನಿಂತು ನೋಡಬೇಕು. ಚೀಲದ ಮೂರನೇ ಒಂದು ಪಾಲು ನೀರು, ಉಳಿದದ್ದು ಸಿಲಿಂಡರಿನಿಂದ ತುಂಬಿದ ಆಮ್ಲಜನಕ, ಮೇಲೊಂದು ರಬ್ಬರ್ ಬ್ಯಾಂಡು. ದೂರದ ಊರಿಗೆ ಕಳುಹಿಸುವ ಮೀನಿಗೆ ಒಂದೆರಡು ದಿನ ಮೊದಲೇ ಆಹಾರ ನಿಲ್ಲಿಸುತ್ತಾರೆ. ಇದು ಕ್ರೌರ್ಯವಲ್ಲ, ಲೆಕ್ಕಾಚಾರ. ಉಂಡ ಮೀನು ಮಲ ಬಿಡುತ್ತದೆ, ಕಿವಿರುಗಳ ಮೂಲಕ ಅಮೋನಿಯ ಹೊರಹಾಕುತ್ತದೆ. ಮುಚ್ಚಿದ ಚೀಲದಲ್ಲಿ ಆ ಅಮೋನಿಯವೇ ಅದಕ್ಕೆ ವಿಷ. ಅಂದಮೇಲೆ ನಿಮ್ಮ ಮನೆಗೆ ಬರುವ ಮೀನು ಉಪವಾಸದಲ್ಲೇ ಹೊರಟು, ಕತ್ತಲ ಚೀಲದಲ್ಲಿ ಕುಲುಕಾಡಿ, ಎರಡು ಮೂರು ಅಂಗಡಿಗಳ ನೀರು ಕಂಡು ಬಂದಿರುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೀದಿಯಿಂದ ಒಳಗೆ ಸರಿದರೆ ಮೀನು ಮರಿ ಮಾಡಿಸುವ ಮನೆಗಳು. ನಗರ ಬೆಳೆದಂತೆ ದೊಡ್ಡ ಸಾಕಣೆಗಳು ಹೊರವಲಯದ ಹಳ್ಳಿಗಳತ್ತ ಸರಿದಿವೆ. ಆದರೂ ಹಿತ್ತಿಲಲ್ಲಿ, ಮಹಡಿಯ ಮೇಲೆ, ಸಿಮೆಂಟಿನ ತೊಟ್ಟಿಗಳಲ್ಲಿ ಮೀನು ಸಾಕುವ ಸಂಸಾರಗಳು ಇನ್ನೂ ಇವೆ. ಏಂಜೆಲ್ ಮೀನು ಮೂಲತಃ ದಕ್ಷಿಣ ಅಮೆರಿಕದ ಅಮೆಜಾನ್ ನದಿ ಸೀಮೆಯದು. ಇಲ್ಲಿಯ ಏಂಜೆಲ್ ಮೀನುಗಳ ಮುತ್ತಜ್ಜಿ ಕೂಡ ಅಮೆಜಾನ್ ಕಂಡವಳಲ್ಲ. ಕೊಳತ್ತೂರಿನ ಬೋರ್‌ವೆಲ್ ನೀರಿನಲ್ಲಿ ಮೊಟ್ಟೆಯೊಡೆದು, ಅಲ್ಲಿಯ ಹೆಂಗಸರ ಕೈತುತ್ತು ತಿಂದು ಬೆಳೆದವು.

ಒಂದು ಫೋನು, ಎರಡು ಸಲಹೆ

ನಾನು ಕೊಳತ್ತೂರಿಗೆ ಹೋದದ್ದು ಬರೀ ನೋಡುವುದಕ್ಕಲ್ಲ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಒಂದು ಮೀನಿನ ತೊಟ್ಟಿಯಿದೆ. ನಾಲ್ಕು ಏಂಜೆಲ್ ಮೀನು. ರಜೆಯಲ್ಲಿ ಅವನ್ನು ನೋಡಿಕೊಳ್ಳುವ ಹೊಣೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯದು. ನಾನು ಚೆನ್ನೈ ತಲುಪಿದ ದಿನವೇ ಅವಳ ಫೋನು ಬಂತು. “ಸಾರ್, ಎರಡು ಮೀನು ನಾಲ್ಕು ದಿನದಿಂದ ಸರಿಯಾಗಿ ತಿಂತಿಲ್ಲ. ಒಂದು ಬಾಯಿಗೆ ಹಾಕ್ಕೊಂಡು ಉಗುಳುತ್ತೆ, ಇನ್ನೊಂದು ಮುಟ್ಟೋದೇ ಇಲ್ಲ. ಬಿಳೀ ದಾರದ ಥರ ಮಲ ಬರ್ತಿದೆ. ಅಮ್ಮ ಮನೇಲಿರೋ ಭೇದಿ ಮಾತ್ರೆ ಪುಡಿ ಮಾಡಿ ತೊಟ್ಟಿಗೆ ಹಾಕು ಅಂತಾರೆ. ಅಪ್ಪ ಕೆರೆಗೆ ಬಿಟ್ಟುಬಿಡು, ಪುಣ್ಯ ಬರುತ್ತೆ ಅಂತಾರೆ. ಯಾವುದು ಸರಿ ಸಾರ್?”

ಮೀನು ಸಾಕಿದ ಯಾವ ಮನೆಯಲ್ಲಾದರೂ ಒಂದಲ್ಲ ಒಂದು ದಿನ ಏಳುವ ಪ್ರಶ್ನೆಯಿದು. ಎರಡನ್ನೂ ಸದ್ಯಕ್ಕೆ ಮಾಡಬೇಡವೆಂದು ಹೇಳಿ, ಆ ಎರಡು ಮೀನುಗಳನ್ನು ಬೇರೆ ಟಬ್ಬಿಗೆ ಹಾಕಿಸಿದೆ. ಪ್ರಶ್ನೆಯನ್ನು ಮಾತ್ರ ಕೊಳತ್ತೂರಿಗೆ ಹೊತ್ತುಕೊಂಡು ಹೋದೆ.

ಇಪ್ಪತ್ತು ವರ್ಷಗಳಿಂದ ಏಂಜೆಲ್ ಮೀನು ಮರಿ ಮಾಡಿಸುತ್ತಿರುವ ಒಬ್ಬ ತಾಯಿಯನ್ನು ಕೇಳಿದೆ: “ಅಮ್ಮಾ, ಮೀನು ಊಟ ಬಿಟ್ಟರೆ ನೀವು ಯಾವ ಮದ್ದು ಕೊಡುತ್ತೀರಿ?” ಆಕೆ ನಕ್ಕರು. “ಉಣ್ಣದ ಮೀನಿಗೆ ಮದ್ದು ಹೇಗೆ ಕೊಡೋದು ಸಾರ್? ಊಟ ಬಿಡೋ ಮುಂಚೆ ನೋಡಿದರೆ ಮದ್ದು, ಬಿಟ್ಟ ಮೇಲೆ ನೋಡಿದರೆ ಬರೀ ಪಾಡು” ಎಂದರು. ಪ್ರತಿದಿನ ಆಹಾರ ಹಾಕಿದ ಮೇಲೆ ಎರಡು ನಿಮಿಷ ತೊಟ್ಟಿಯ ಮುಂದೆ ನಿಲ್ಲುವುದು ಆಕೆಯ ರೂಢಿ. ಯಾವ ಮೀನು ಓಡಿ ಬರಲಿಲ್ಲ, ಯಾವುದು ಉಗುಳಿತು, ಯಾವುದರ ಹೊಟ್ಟೆ ಒಳಸರಿದಿದೆ ಎಂಬುದಷ್ಟೇ ಆಕೆ ನೋಡುವುದು. ಹೊಸದಾಗಿ ತಂದ ಮೀನನ್ನು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ಆಮೇಲೆ ಉಳಿದವುಗಳ ಜೊತೆ ಬಿಡುತ್ತಾರಂತೆ. ಆಕೆ ಓದಿದ್ದು ಏಳನೆಯ ತರಗತಿ. ಆದರೆ ಆ ಮಾತಿನಲ್ಲಿ ಒಂದು ಇಡೀ ಪಾಠವಿದೆ.

ಮೀನು ನೀರು ಕುಡಿಯುತ್ತದೆಯೆ?

ಮೊದಲನೆಯದಾಗಿ, ಮೀನು ಊಟ ಬಿಟ್ಟಿತೆಂದರೆ ಹೊಟ್ಟೆಯಲ್ಲಿ ಹುಳುವೇ ಇರಬೇಕೆಂದಿಲ್ಲ. ನೀರಿನಲ್ಲಿ ಅಮೋನಿಯ ಹೆಚ್ಚಿರಬಹುದು, ನಲ್ಲಿ ನೀರಿನ ಕ್ಲೋರಿನ್ ಹೋಗಿರಲಿಕ್ಕಿಲ್ಲ, ಚಳಿ ಹೆಚ್ಚಾಗಿರಬಹುದು, ಬಲವಾದ ಮೀನೊಂದು ಬಡಪಾಯಿಯನ್ನು ಮೂಲೆಗೆ ಅಟ್ಟಿರಬಹುದು. ಹೊಸದಾಗಿ ಬಂದದ್ದಾದರೆ ಪ್ರಯಾಣದ ದಣಿವಿರಬಹುದು. ಆಫ್ರಿಕದ ಮಲಾವಿ ಸರೋವರದ ಕೆಲವು ಮೀನುಗಳಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮೂರು ವಾರದ ಹತ್ತಿರ ಏನನ್ನೂ ತಿನ್ನುವುದಿಲ್ಲ. ಬಾಣಂತಿಗೆ ಹುಳುವಿನ ಔಷಧ ಹಾಕಿದವರೂ ಉಂಟು! ಬಿಳಿ ದಾರದಂಥ ಮಲ ಕೂಡ ಪಕ್ಕಾ ಸಾಕ್ಷಿಯಲ್ಲ. ಖಾಲಿ ಕರುಳಿನ ಲೋಳೆಯೂ ಹಾಗೆಯೇ ಇಳಿಯುತ್ತದೆ. ಆದ್ದರಿಂದ ನೀರಿನ ಪರೀಕ್ಷೆ ಮೊದಲು, ಔಷಧದ ಮಾತು ಆಮೇಲೆ.

ನೀರು ಸರಿಯಿದ್ದೂ ಮೀನು ಆಹಾರ ಉಗುಳುತ್ತಿದ್ದರೆ, ಹೊಟ್ಟೆ ಬತ್ತಿ ತಲೆ ದೊಡ್ಡದಾಗಿ ಕಾಣುತ್ತಿದ್ದರೆ, ಮೈಬಣ್ಣ ಕಪ್ಪಿಟ್ಟು ಮೂಲೆ ಹಿಡಿದರೆ, ಆಗ ಕರುಳಿನ ಪರಾವಲಂಬಿಗಳನ್ನು ಶಂಕಿಸಬೇಕು. ಅವುಗಳಲ್ಲಿ ಎರಡು ಬಗೆ. ಒಂದು, ಬರಿಗಣ್ಣಿಗೆ ಕಾಣದ ಏಕಕೋಶ ಜೀವಿಗಳು. ಏಂಜೆಲ್, ಡಿಸ್ಕಸ್ ಮುಂತಾದ ಮೀನುಗಳನ್ನು ಹೆಚ್ಚಾಗಿ ಕಾಡುವ ಸ್ಪೈರೋನ್ಯೂಕ್ಲಿಯಸ್ ಈ ಜಾತಿಯದು. ಎಂಟು ಕಶಾಂಗಗಳನ್ನು ಬೀಸುತ್ತ ಕರುಳಿನೊಳಗೆ ಸರಸರನೆ ಈಜುವ ಅತಿ ಸಣ್ಣ ಜೀವಿ. ಅದು ಸ್ವಲ್ಪ ಸಂಖ್ಯೆಯಲ್ಲಿ ಗಟ್ಟಿಮುಟ್ಟಾದ ಮೀನಿನಲ್ಲೂ ಇರಬಹುದು. ಪ್ರಯಾಣ, ಉಪವಾಸ, ಇಕ್ಕಟ್ಟು ಇವುಗಳಿಂದ ಮೀನು ಸೊರಗಿದಾಗ ಅದರ ಸಂತಾನ ಒಮ್ಮೆಲೇ ಹೆಚ್ಚುತ್ತದೆ. ಪಾಲಿಥೀನ್ ಚೀಲದ ಮಾತು ನೆನಪಿಡಿ ಎಂದದ್ದು ಇದಕ್ಕೇ.

ಇನ್ನೊಂದು ಬಗೆ, ಹುಳುಗಳು. ಗಪ್ಪಿ, ಮೋಲಿಗಳಲ್ಲಿ ಕಾಣುವ ಕ್ಯಾಮಲ್ಲಾನಸ್ ಹುಳು ಮೀನು ಅಲುಗದೆ ನಿಂತಾಗ ಗುದದ್ವಾರದಿಂದ ಕೆಂಪು ದಾರದಂತೆ ಇಣುಕುತ್ತದೆ, ಅಲುಗಿದೊಡನೆ ಒಳಸೇರುತ್ತದೆ. ಅದರ ಮರಿಗಳನ್ನು ನೀರಿನ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿ ನುಂಗುತ್ತದೆ, ಸೈಕ್ಲಾಪ್ಸನ್ನು ಮೀನು ನುಂಗುತ್ತದೆ. ಹಿರಿಯ ಓದುಗರಿಗೆ ಇದು ಎಲ್ಲೋ ಕೇಳಿದಂತಿರಬೇಕು. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳ ನೀರು ಕುಡಿದವರ ಕಾಲಿನಿಂದ ಗೇಣುಗಟ್ಟಲೆ ಹೊರಬರುತ್ತಿದ್ದ ನಾರುಹುಣ್ಣಿನ ಹುಳುವಿಗೂ ಇದೇ ಸೈಕ್ಲಾಪ್ಸ್ ವಾಹನ. ನೀರು ಸೋಸಿ ಕುಡಿಯಲು ಕಲಿಸಿ, ಬಾವಿಗಳಿಗೆ ಕಾಲಿಡದಂತೆ ಮಾಡಿ ನಾವು ಅದನ್ನು ಗೆದ್ದೆವು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು. ಅಲ್ಲಿ ಗೆದ್ದದ್ದು ಗುಳಿಗೆಯಲ್ಲ, ದಾರಿ ತಪ್ಪಿಸಿದ ಜಾಣತನ. ಮೀನಿನ ತೊಟ್ಟಿಗೂ ಅದೇ ಪಾಠ. ಕೊಳತ್ತೂರಿನಲ್ಲಿ ಬಟ್ಟಲುಗಳಲ್ಲಿ ಮಾರುವ ಟ್ಯೂಬಿಫೆಕ್ಸ್ ಎಂಬ ಕೆಂಪು ಹುಳು ಮೀನಿಗೆ ಬಲು ಪ್ರಿಯ. ಆದರೆ ಅದು ಬೆಳೆಯುವುದು ಚರಂಡಿಯ ಕೆಸರಿನಲ್ಲಿ. ಅದರೊಂದಿಗೆ ಬರುವ ರೋಗಗಳಿಗೆ ಲೆಕ್ಕವಿಲ್ಲ. ಒಣ ಆಹಾರವೋ, ಉಪ್ಪುನೀರಿನಲ್ಲಿ ಮನೆಯಲ್ಲೇ ಮರಿ ಮಾಡಿಸಿದ ಆರ್ಟೀಮಿಯವೋ ವಾಸಿ.

ಈಗ ಅಮ್ಮನ ಮಾತ್ರೆಯ ವಿಚಾರ. ಸಿಹಿನೀರಿನ ಮೀನಿನ ಮೈಯೊಳಗಿನ ದ್ರವ ಹೊರಗಿನ ನೀರಿಗಿಂತ ಉಪ್ಪು. ಹತ್ತನೆಯ ತರಗತಿಯವರಿಗೆ ಗೊತ್ತಿರುವ ಅಭಿಸರಣೆಯ ನಿಯಮದಂತೆ, ನೀರು ಕಿವಿರುಗಳ ಮೂಲಕ ತಾನಾಗಿಯೇ ಒಳನುಗ್ಗುತ್ತಿರುತ್ತದೆ. ಅದನ್ನು ಹೊರಹಾಕುವುದೇ ಮೀನಿನ ಮೂತ್ರಪಿಂಡಗಳಿಗೆ ದಿನವಿಡೀ ಕೆಲಸ. ಹಾಗಾಗಿ ಸಿಹಿನೀರಿನ ಮೀನು ನೀರು ಕುಡಿಯುವುದು ತೀರ ಕಡಿಮೆ. ತೊಟ್ಟಿಗೆ ಕರಗಿಸಿದ ಮದ್ದು ಕಿವಿರಿನಿಂದ ಸ್ವಲ್ಪ ಹೀರಲ್ಪಟ್ಟರೂ ಕರುಳಿಗೆ ನೇರವಾಗಿ ಮುಟ್ಟುವುದಿಲ್ಲ. ಕರುಳಿನ ರೋಗಕ್ಕೆ ಮದ್ದು ಕರುಳಿನ ದಾರಿಯಲ್ಲೇ, ಅಂದರೆ ಆಹಾರದಲ್ಲೇ ಹೋಗಬೇಕು. ‘ಉಣ್ಣದ ಮೀನಿಗೆ ಮದ್ದು ಹೇಗೆ ಕೊಡೋದು’ ಎಂದ ಆ ತಾಯಿಯ ಮಾತಿನ ತಿರುಳು ಇದೇ.

ಟಬ್ಬಿನಲ್ಲಿ ಎರಡು ಮೀನು

ನಾನು ಊರಿಗೆ ಮರಳಿದ ಮೇಲೆ ಮೊದಲು ನೀರು ಪರೀಕ್ಷಿಸಿದೆವು, ಅಮೋನಿಯ ಇರಲಿಲ್ಲ. ಹುಡುಗಿ ಆಗಷ್ಟೇ ಬಿದ್ದ ಮಲದ ಚೂರನ್ನು ಡ್ರಾಪರಿನಿಂದ ಎತ್ತಿ ಗಾಜಿನ ಪಟ್ಟಿಯ ಮೇಲಿಟ್ಟಳು. ಪಕ್ಕದ ಪದವಿಪೂರ್ವ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದಾಗ ಗುಂಪು ಗುಂಪಾಗಿ ಓಡಾಡುವ ಚುಕ್ಕೆಗಳು ಕಂಡವು. ಹುಳುವಿನ ಮೊಟ್ಟೆಗಳು ಕಾಣಲಿಲ್ಲ. ತಾಲ್ಲೂಕಿನ ಪಶುವೈದ್ಯರು ಬಂದು ನೋಡಿ, ಇವು ಕಶಾಂಗದ ಜೀವಿಗಳೇ, ಇದಕ್ಕೆ ಮೆಟ್ರೊನಿಡಜೋಲ್ ಬೇಕೆಂದರು. ಮನುಷ್ಯರ ಆಮಶಂಕೆಗೆ ಕೊಡುವ ಮದ್ದೂ ಅದೇ. ಹುಡುಗಿಯ ಅಮ್ಮ ತೆಗೆದಿಟ್ಟಿದ್ದ ಮಾತ್ರೆಯ ಮೇಲೆ ಬರೆದಿದ್ದ ಹೆಸರೂ ಅದೇ! ಮದ್ದು ಸರಿಯಿತ್ತು, ಲೆಕ್ಕವಿಲ್ಲದೆ, ರೋಗ ತಿಳಿಯದೆ, ಇಡೀ ತೊಟ್ಟಿಗೆ ಸುರಿಯುವ ದಾರಿ ಸರಿಯಿರಲಿಲ್ಲ. ಕೆಂಪು ದಾರದ ಹುಳುವಾಗಿದ್ದರೆ ಈ ಮಾತ್ರೆಯಿಂದ ಏನೂ ಆಗುತ್ತಿರಲಿಲ್ಲ. ಅದಕ್ಕೆ ದನ, ಆಡುಗಳಿಗೆ ಕುಡಿಸುವ ಲೆವಾಮಿಸೋಲಿನಂಥ ಜಂತುನಾಶಕವೇ ಬೇಕು. ಅದು ಹುಳುವನ್ನು ನಿಶ್ಚೇಷ್ಟಗೊಳಿಸಿ ಹೊರಬೀಳಿಸುತ್ತದೆ. ಬಿದ್ದದ್ದನ್ನು ಕೊಳವೆಯಿಂದ ಹೀರಿ ತೆಗೆಯಬೇಕು, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಕೊಡಬೇಕು.

ಬಾಯಿಗೆ ಹಾಕಿ ಉಗುಳುತ್ತಿದ್ದ ಮೀನಿಗೆ, ಚೈನಾ ಗ್ರಾಸ್ ಕರಗಿಸಿ ಅದರಲ್ಲಿ ಆಹಾರದ ಪುಡಿಯನ್ನೂ ವೈದ್ಯರು ಹೇಳಿದಷ್ಟು ಮದ್ದನ್ನೂ ಕಲಸಿ, ಗಟ್ಟಿಯಾದ ಮೇಲೆ ಸಾಸಿವೆಯಷ್ಟು ಚೂರು ಮಾಡಿ ಕೊಟ್ಟೆವು. ಏನನ್ನೂ ಮುಟ್ಟದ ಮೀನಿಗೆ ನೀರಿನಲ್ಲಿ ಕರಗಿಸಿ ಹಾಕುವುದೊಂದೇ ದಾರಿ. ಮೀನುರೋಗದ ಕೈಪಿಡಿಗಳ ಅಳತೆ ಸುಮಾರು 38 ಲೀಟರಿಗೆ 250 ಮಿಲಿಗ್ರಾಂ. ನಮ್ಮ ಟಬ್ಬಿನಲ್ಲಿ 19 ಲೀಟರ್ ನೀರು. ಎಷ್ಟು ಮಿಲಿಗ್ರಾಂ ಬೇಕೆಂದು ಹುಡುಗಿಯೇ ಲೆಕ್ಕ ಮಾಡಿ 125 ಎಂದಳು. ಪ್ರತಿದಿನ ನೀರು ಬದಲಿಸಿ ಐದು ದಿನ ಹಾಕಬೇಕಿತ್ತು.

ಮೂರನೆಯ ದಿನ ಬೆಳಿಗ್ಗೆ ಆ ಮೀನು ಟಬ್ಬಿನ ತಳದಲ್ಲಿ ಮಗುಚಿ ಬಿದ್ದಿತ್ತು. ಅದರ ಹೊಟ್ಟೆ ಮೊದಲೇ ಬೆನ್ನಿಗೆ ಹತ್ತಿತ್ತು. ಹುಡುಗಿ ಅತ್ತಳು. ಶಾಲೆಯ ಹಿಂದಿನ ಪೇರಲೆ ಗಿಡದ ಬುಡದಲ್ಲಿ ಹೂಳಿ ಬಂದು, ಉಳಿದದ್ದಕ್ಕೆ ಆ ದಿನದ ಮದ್ದು ಕೊಟ್ಟಳು. ಬಾಯಿ ಆಡಿಸುತ್ತಿದ್ದ ಇನ್ನೊಂದು ಮೀನು ಏಳನೆಯ ದಿನ ಚೂರನ್ನು ಉಗುಳದೆ ನುಂಗಿತು. ಎರಡು ಮೀನಿಗೂ ರೋಗ ಒಂದೇ, ಮದ್ದು ಒಂದೇ. ಒಂದು ಇನ್ನೂ ಬಾಯಿ ತೆರೆಯುತ್ತಿತ್ತು, ಇನ್ನೊಂದು ಮುಚ್ಚಿತ್ತು. ವ್ಯತ್ಯಾಸ ಅಷ್ಟೇ.

ಒಂದು ಎಚ್ಚರಿಕೆ. ಈ ಮದ್ದುಗಳನ್ನು ತಜ್ಞರ ಸಲಹೆಯಿಲ್ಲದೆ ಬಳಸಬಾರದು. ತಿನ್ನುವ ಮೀನಿನ ಸಾಕಣೆಯಲ್ಲಿ ಮೆಟ್ರೊನಿಡಜೋಲ್ ನಮ್ಮ ದೇಶದಲ್ಲಿ ನಿಷಿದ್ಧ. ಚಿಕಿತ್ಸೆಯ ನೀರನ್ನು ಕೆರೆಗಾಗಲಿ ಹೊಂಡಕ್ಕಾಗಲಿ ಚೆಲ್ಲಬಾರದು.

ಅಪ್ಪ ಹೇಳಿದ ಪುಣ್ಯ

ಕೆರೆಗೆ ಬಿಡುವ ಮಾತು ಕೇಳಲು ಕರುಣೆಯದೇ. ಆದರೆ ಸಾಯಲಿರುವ ಮೀನನ್ನು ಬಿಟ್ಟರೆ ಅದರ ಹೊಟ್ಟೆಯ ಪರಾವಲಂಬಿಯನ್ನೂ ಬಿಟ್ಟಂತೆ. ಕ್ಯಾಮಲ್ಲಾನಸ್ ಹುಳುವಿನ ಕಥೆ ನೋಡಿ. ಮೂಲತಃ ಏಷ್ಯದ ಈ ಹುಳು ಗಪ್ಪಿ ಮುಂತಾದ ಪುಟ್ಟ ಮೀನುಗಳ ಹೊಟ್ಟೆಯಲ್ಲಿ ಕುಳಿತು ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳನ್ನು ಸೇರಿತು. ಈಗ ಅಲ್ಲಿಯ ತೊರೆಗಳ ಸ್ಥಳೀಯ ಮೀನುಗಳ ಕರುಳಿನಲ್ಲೂ ಅದು ಸಿಗುತ್ತದೆ. ಇತ್ತ ಬಿಟ್ಟ ಮೀನು ಸಾಯದೆ ಬದುಕಿದರೆ ಅದೂ ಕಷ್ಟವೇ. ತೊಟ್ಟಿಯ ಗಾಜು ನೆಕ್ಕಿ ಶುಚಿ ಮಾಡುತ್ತದೆಂದು ಕೊಂಡು ತಂದ ಸಕ್ಕರ್ ಮೀನು ಮೊಳದುದ್ದ ಬೆಳೆದಾಗ ಜನ ಕೆರೆಗೆ ಬಿಟ್ಟರು. ದಕ್ಷಿಣ ಭಾರತದ ಹಲವು ಕೆರೆ ಹೊಳೆಗಳಲ್ಲಿ ಇಂದು ಅದು ಬೆಸ್ತರ ಬಲೆ ಹರಿಯುತ್ತಿದೆ. 2015ರ ಡಿಸೆಂಬರಿನ ಮಳೆಯಲ್ಲೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲೂ ಚೆನ್ನೈ ಮುಳುಗಿತು. ಅಂಥ ಹೊತ್ತಿನಲ್ಲಿ ತೊಟ್ಟಿಯ ಮೀನು ಕೆರೆ ಸೇರುವುದನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ನಮ್ಮ ಕೈಯಿಂದಲೇ ಬಿಡದಿರುವುದು ಮಾತ್ರ ನಮ್ಮ ಕೈಯಲ್ಲಿದೆ.

ಹುಡುಗಿಯ ತಂದೆಗೆ ಇದನ್ನು ಹೇಳಿದಾಗ ಅವರು ಒಪ್ಪಿದರು. “ಹಾಗಾದರೆ ಸಾಕುವಾಗಲೇ ನೆಟ್ಟಗೆ ಸಾಕಬೇಕು ಅನ್ನಿ ಮೇಷ್ಟ್ರೇ” ಎಂದರು. ನಾನು ಇಷ್ಟುದ್ದ ಬರೆದದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು.

ಹೋಗುವವರಿಗೆ

ಬೆಂಗಳೂರಿನಿಂದ ರೈಲಿನಲ್ಲಿ ಚೆನ್ನೈ ಸೆಂಟ್ರಲ್ ತಲುಪಿ, ಪಕ್ಕದ ನಿಲ್ದಾಣದಿಂದ ಅರಕ್ಕೋಣಂ ಕಡೆಯ ಲೋಕಲ್ ರೈಲು ಹತ್ತಿದರೆ ಪೆರಂಬೂರು ಇಲ್ಲವೆ ವಿಲ್ಲಿವಾಕ್ಕಂನಲ್ಲಿ ಇಳಿಯಬಹುದು. ದಾರಿಯಲ್ಲೇ 1955ರಲ್ಲಿ ಆರಂಭವಾದ ರೈಲು ಬೋಗಿ ಕಾರ್ಖಾನೆ ಸಿಗುತ್ತದೆ. ಅಲ್ಲಿಂದ ಕೊಳತ್ತೂರಿಗೆ ಆಟೋ, ಬಸ್ಸು ಉಂಟು. ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಬಿಸಿಲೇರಿದರೆ ಮೀನಿಗೂ ಕಷ್ಟ, ನಮಗೂ ಕಷ್ಟ. ಇಲ್ಲೇ ನೋಡಬೇಕೆನ್ನುವವರಿಗೆ ಬೆಂಗಳೂರಿನ ಹೊರಗೆ ಹೆಸರಘಟ್ಟದಲ್ಲಿ ಸಿಹಿನೀರು ಮೀನು ಸಂಶೋಧನೆಯ ಪ್ರಾದೇಶಿಕ ಕೇಂದ್ರವಿದೆ. ಮೀನಿನ ಶಾಸ್ತ್ರವನ್ನೇ ಓದಬೇಕೆನ್ನುವ ಮಕ್ಕಳಿಗೆ ಮಂಗಳೂರಿನಲ್ಲಿ 1969ರಲ್ಲಿ ತೆರೆದ, ದೇಶದ ಮೊಟ್ಟಮೊದಲ ಮೀನುಗಾರಿಕೆ ಕಾಲೇಜು ಇದೆ.

ಮೀನು ಕೊಳ್ಳುವ ಮುನ್ನ ಅಂಗಡಿಯವರಿಗೆ ಒಂದು ಮಾತು ಹೇಳಿ: “ಸ್ವಲ್ಪ ಆಹಾರ ಹಾಕಿ, ನೋಡೋಣ.” ಓಡಿ ಬಂದು ತಿಂದ ಮೀನನ್ನು ತನ್ನಿ. ತಂದ ಮೇಲೆ ಮೂರು ವಾರ ಬೇರೆ ಇಡಿ. ದಿನಕ್ಕೆ ಎರಡು ನಿಮಿಷ ತೊಟ್ಟಿಯ ಮುಂದೆ ಮಕ್ಕಳನ್ನು ನಿಲ್ಲಿಸಿ, ತಿಂದದ್ದು ಯಾವುದು, ಬಿಟ್ಟದ್ದು ಯಾವುದು ಎಂದು ಒಂದು ಪುಸ್ತಕದಲ್ಲಿ ಬರೆಯಲು ಹೇಳಿ.